ಆಕಾಶವಾಣಿಯ ಸಮಾರಂಭ: ಧರ್ಮದ ಖಾತೆಯೋ, ವ್ಯಾಪಾರದ ಖಾತೆಯೋ?

ಕೆಲವು ವರ್ಷಗಳ ಹಿಂದೆ ಧಾರವಾಡ ಸೀಮೆಯ ಕೃಷಿ ಉಪಕರಣಗಳ ವ್ಯಾಪಾರಿಯೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ, ಗಣೇಶೋತ್ಸವದ ವಂತಿಗೆ ಹಾಗೂ ಜಾತ್ರೆಯ ದಾಸೋಹದ ಅಕ್ಕಿ ಇವುಗಳ ಸಾಲಿನಲ್ಲಿಯೇ ‘ರೇಡಿಯೋ ಕಾರ್ಯಕ್ರಮ, ಶಾಮಿಯಾನ ಬಾಬತ್ತು’ ಎಂದು ಎರಡು ಸಾವಿರ ರೂಪಾಯಿಗಳ ಖರ್ಚು ಕಂಡುಬಂದಿತು. ವಿಚಾರಿಸಲಾಗಿ, ಆಕಾಶವಾಣಿಯವರು ತಮ್ಮ ಊರಿಗೆ ಬಂದು ರೈತರ ಸಂವಾದವನ್ನು ಧ್ವನಿಮುದ್ರಿಸಿಕೊಂಡರೆಂದೂ, ಹಿರಿಯರು ಕೇಳಿದ್ದರಿಂದ ಶಾಮಿಯಾನದ ಬಾಡಿಗೆ ಕೊಟ್ಟೆನೆಂದೂ ತಿಳಿಸಿದರು. “ಧರ್ಮದ ಖಾತೆಗೆ ಹಾಕಿಬಿಡ್ರಿ ಸರ್, ಅದರಿಂದ ನಮಗೇನು ಬರೋದೈತಿ?” ಎಂದೂ ಸೇರಿಸಿದರು.

ಆದರೆ ಮಾತು ಮುಂದುವರಿದಂತೆ ಬೇರೊಂದು ಸಂಗತಿ ಹೊರಬಂದಿತು. ಸಂವಾದದಲ್ಲಿ ಸಿಂಪರಣಾ ಯಂತ್ರದ ಬಳಕೆಯ ಬಗ್ಗೆ ಪ್ರಶ್ನೋತ್ತರ ನಡೆದಿತ್ತು. ಅದು ಪ್ರಸಾರವಾದ ನಂತರದ ಎರಡು ವಾರಗಳಲ್ಲಿ, “ರೇಡಿಯೋದಾಗ ಕೇಳಿದ್ವಿ” ಎಂದು ಹೇಳಿಕೊಂಡು, ಎಂದೂ ಕಾಣದ ಹಳ್ಳಿಗಳ ರೈತರು ಅವರ ಅಂಗಡಿಗೆ ಬಂದಿದ್ದರು. ಆ ಲೆಕ್ಕವನ್ನು ಅವರು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆಕಾಶವಾಣಿಯೂ ಬರೆದಿಟ್ಟಿರಲಾರದು.

ನಮ್ಮ ನಾಡಿನಲ್ಲಿ ಬಾನುಲಿಯು ಊರವರ ಸ್ವತ್ತಾಗಿಯೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಪ್ರೇಷಕವೊಂದನ್ನು ಸ್ಥಾಪಿಸಿ ಪ್ರಸಾರ ಆರಂಭಿಸಿದರು. ಆ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. 1950ರಲ್ಲಿ ಧಾರವಾಡ ನಿಲಯವು ಆರಂಭವಾಯಿತು. ಪಂಡಿತ ಮಲ್ಲಿಕಾರ್ಜುನ ಮನ್ಸೂರರಂಥವರು ಅದರ ಸಂಗೀತ ಸಲಹೆಗಾರರಾಗಿದ್ದರು. 1954ರಿಂದ ಆಕಾಶವಾಣಿಯು ವರ್ಷಂಪ್ರತಿ ಸಂಗೀತ ಸಮ್ಮೇಳನವನ್ನು ನಡೆಸಲಾರಂಭಿಸಿ, ಹಲವು ನಗರಗಳಲ್ಲಿ ಆಹ್ವಾನಿತ ಶ್ರೋತೃಗಳ ಸಮ್ಮುಖದಲ್ಲಿ ಕಛೇರಿಗಳನ್ನು ಏರ್ಪಡಿಸಿತು. ಅಂಥ ಕಛೇರಿಯ ಆಮಂತ್ರಣ ಪತ್ರಿಕೆ ಬರುವುದು ಒಂದು ಕಾಲಕ್ಕೆ ಪೇಟೆಯ ವರ್ತಕರಿಗೂ ಪ್ರತಿಷ್ಠೆಯ ವಿಷಯವಾಗಿತ್ತು.

ಸಂಗೀತಕ್ಕಿಂತಲೂ ನಮ್ಮ ವ್ಯವಹಾರಕ್ಕೆ ಹತ್ತಿರವಾದ ಪ್ರಯೋಗ ಪುಣೆಯದು. 1956ರಲ್ಲಿ ಯುನೆಸ್ಕೋ ನೆರವಿನೊಡನೆ, ಅಂದಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮ ವೇದಿಕೆಗಳನ್ನು ರಚಿಸಲಾಯಿತು. ರೈತರು ಒಂದೆಡೆ ಸೇರಿ ಕಾರ್ಯಕ್ರಮವನ್ನು ಆಲಿಸುವುದು, ತಮ್ಮಲ್ಲಿಯೇ ಚರ್ಚಿಸುವುದು, ಪ್ರಶ್ನೆಗಳನ್ನು ನಿಲಯಕ್ಕೆ ಕಳುಹಿಸುವುದು, ಮುಂದಿನ ಪ್ರಸಾರದಲ್ಲಿ ಉತ್ತರ ಪಡೆಯುವುದು ಇದರ ಕ್ರಮ. ಕೇಳುವವನು ಕೇವಲ ಕೇಳುಗನಾಗಿ ಉಳಿಯದೆ ಸಭಿಕನಾದನೆಂಬುದೇ ಇದರ ವಿಶೇಷ. ಅಂಗಡಿಯಲ್ಲಿ ಗಿರಾಕಿಯ ದೂರನ್ನು ಕುಳಿತು ಆಲಿಸುವ ವ್ಯಾಪಾರಿಗೆ ಇದರ ಬೆಲೆಯನ್ನು ನಾನು ಬೇರೆ ವಿವರಿಸಬೇಕಾಗಿಲ್ಲ.

1984ರಲ್ಲಿ ನಾಗರಕೋಯಿಲಿನಲ್ಲಿ ಪ್ರಥಮ ಸ್ಥಳೀಯ ಬಾನುಲಿ ನಿಲಯ ಬಂದ ಮೇಲೆ ಹಾಸನ, ಚಿತ್ರದುರ್ಗ, ಹೊಸಪೇಟೆ, ಕಾರವಾರ, ಮಡಿಕೇರಿಗಳಿಗೂ ಅಂಥ ನಿಲಯಗಳು ದೊರೆತವು. ಧ್ವನಿಮುದ್ರಣ ಸಾಮಗ್ರಿಯೊಡನೆ ಜನರ ಬಳಿಗೇ ಹೋಗಬೇಕೆಂಬುದು ಇವುಗಳ ಮೂಲ ಕಲ್ಪನೆ. ಕೃಷಿ ಮೇಳವೊಂದರಲ್ಲಿ ನಮ್ಮ ಕಕ್ಷಿದಾರರ ಮಳಿಗೆಯಲ್ಲಿ ನಾನು ಕುಳಿತಿದ್ದಾಗ, ಪಕ್ಕದಲ್ಲಿ ಆಕಾಶವಾಣಿಯ ಉದ್ಘೋಷಕಿಯೊಬ್ಬರನ್ನು ನೋಡಲು ಹೆಂಗಸರು ಮಕ್ಕಳೆನ್ನದೆ ಜನ ಮುತ್ತಿದ್ದನ್ನು ಕಂಡಿದ್ದೇನೆ. ದಿನವೂ ಮನೆಯೊಳಗೆ ಕೇಳಿಸುವ ಧ್ವನಿಯ ಒಡತಿ ಎದುರಿಗೆ ನಿಂತರೆ ನೆಂಟರು ಬಂದಷ್ಟೇ ಸಂಭ್ರಮ. ಆ ದಿನ ಸಾಕಷ್ಟು ಹಣ ತೆತ್ತು ಚಿತ್ರನಟರೊಬ್ಬರನ್ನು ಕರೆಸಿದ್ದ ಮಳಿಗೆಯಲ್ಲಿಯೂ ಜನ ಸೇರಿದ್ದರು. ಆದರೆ ಅವರಾರೂ ನಿಂತು ಮಾತನಾಡಲಿಲ್ಲ.

ಇಂಥ ಹೊರಾಂಗಣ ಕಾರ್ಯಕ್ರಮಗಳೇ ಈಗ ಮೊದಲು ಕತ್ತರಿಗೆ ಸಿಗುತ್ತಿವೆ. ಕಾರಣ ಲೆಕ್ಕದ ಸ್ವರೂಪದಲ್ಲಿಯೇ ಇದೆ. ರೇಡಿಯೋ ಲೈಸೆನ್ಸ್ ಶುಲ್ಕವು 1980ರ ದಶಕದಲ್ಲಿಯೇ ರದ್ದಾಯಿತು. 1997ರಲ್ಲಿ ಪ್ರಸಾರ ಭಾರತಿ ಸ್ವಾಯತ್ತ ನಿಗಮವಾದರೂ ಸಿಬ್ಬಂದಿ ವೇತನಕ್ಕೆ ಸರ್ಕಾರದ ಅನುದಾನವನ್ನೇ ಅವಲಂಬಿಸಿದೆ. ವೇತನವನ್ನು ನಿಲ್ಲಿಸಲಾಗದು, ವಿದ್ಯುತ್ ಬಿಲ್ಲನ್ನು ತಡೆಹಿಡಿಯಲಾಗದು; ವಾಹನ, ಶಾಮಿಯಾನ, ಕಲಾವಿದರ ಸಂಭಾವನೆಗಳನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳಬಹುದು. ಖರ್ಚಿನ ಕಡೆಗೆ ಅಂಕಿ ಉಂಟು, ಜಮೆಯ ಕಡೆಗೆ ಖಾಲಿ. ಎಂಥ ಲೆಕ್ಕಪರಿಶೋಧಕನೂ ಅಂಥ ಬಾಬತ್ತಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾನೆ, ನಾನೂ ಹಾಕಿಯೇನು.

ಲಂಡನ್ನಿನ ಪ್ರೊಮೆನೇಡ್ ಸಂಗೀತೋತ್ಸವಕ್ಕೂ ಇಂಥದೇ ಸಂಕಟ ಬಂದಿತ್ತು. 1895ರಿಂದ ನಡೆಯುತ್ತಿದ್ದ ಆ ಉತ್ಸವವನ್ನು ಪೋಷಿಸುತ್ತಿದ್ದ ಚಾಪೆಲ್ ಎಂಬ ಸಂಗೀತ ವ್ಯಾಪಾರ ಸಂಸ್ಥೆಯು ನಷ್ಟ ತಾಳಲಾರದೆ ಕೈಬಿಟ್ಟಾಗ, 1927ರಲ್ಲಿ ಬಿಬಿಸಿ ಅದನ್ನು ವಹಿಸಿಕೊಂಡಿತು. ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಕೊಡುವ ಪದ್ಧತಿ ಇಂದಿಗೂ ಅಲ್ಲಿದೆ. ಆದರೆ ಬಿಬಿಸಿಗೆ ಲೈಸೆನ್ಸ್ ಶುಲ್ಕದ ಆಸರೆಯಿದೆ; ನಮ್ಮ ನಿಲಯಗಳಿಗಿಲ್ಲ. ಇಲ್ಲಿ ಕೈಹಿಡಿಯಬೇಕಾದವರು ಸ್ಥಳೀಯ ವರ್ತಕರೇ.

ಹಾಗೆಂದು ದಾನ ಮಾಡಿರೆಂದು ನಾನು ಹೇಳುತ್ತಿಲ್ಲ. ದಾನವೆಂದು ಬರೆಯುವುದೇ ತಪ್ಪೆಂಬುದು ನನ್ನ ವಾದ. ರಸೀದಿಯಿಲ್ಲದೆ ಧರ್ಮದ ಖಾತೆಗೆ ಬರೆದ ಮೊತ್ತವನ್ನು ತೆರಿಗೆ ಅಧಿಕಾರಿಯು ವ್ಯಾಪಾರದ ಖರ್ಚೆಂದು ಒಪ್ಪುವುದು ಕಷ್ಟ. ಅದೇ ಮೊತ್ತವನ್ನು ಪ್ರಾಯೋಜಕತ್ವವೆಂದು ಲಿಖಿತ ಒಪ್ಪಂದದ ಮೂಲಕ, ಬ್ಯಾಂಕಿನ ಮುಖಾಂತರ, ಸಂಸ್ಥೆಯ ಹೆಸರು ಪ್ರಸಾರದಲ್ಲಿ ಅಥವಾ ವೇದಿಕೆಯಲ್ಲಿ ಬರುವಂತೆ ಕೊಟ್ಟರೆ ಅದು ಜಾಹೀರಾತಿನ ವೆಚ್ಚವಾಗಿ ನಿಲ್ಲುತ್ತದೆ. ವಿವಿಧ ಭಾರತಿಯಲ್ಲಿ 1967ರಿಂದಲೂ ಜಾಹೀರಾತುಗಳಿವೆ. ಆಕಾಶವಾಣಿಗೆ ಇದು ಹೊಸತಲ್ಲ.

ಒಂದು ಎಚ್ಚರಿಕೆ ಅಗತ್ಯ. ಹಣ ಕೊಟ್ಟವರು ವೇದಿಕೆಯನ್ನೇ ಆಕ್ರಮಿಸುವ ಚಾಳಿ ನಮ್ಮಲ್ಲಿದೆ. ತಜ್ಞರು ನಮ್ಮ ಯಂತ್ರವನ್ನೇ ಹೊಗಳಬೇಕೆಂದು ಒತ್ತಾಯಿಸಿದರೆ ರೈತನಿಗೆ ಅದು ತಕ್ಷಣ ತಿಳಿಯುತ್ತದೆ, ಅಲ್ಲಿಗೆ ಎರಡೂ ಕಡೆಯ ಮಾನ ಹೋಗುತ್ತದೆ. ಪ್ರಾಯೋಜಕರ ಹೆಸರು ಶಾಮಿಯಾನದ ಮೇಲಿರಲಿ, ಪ್ರಶ್ನೆಗಳು ಜನರವೇ ಆಗಿರಲಿ.

ನಮ್ಮ ಸಂಸ್ಥೆಯ ಮುಂದಿನ ವಸ್ತುಪ್ರದರ್ಶನಕ್ಕೆ ಒಂದು ಸಂಜೆಯನ್ನು ಸ್ಥಳೀಯ ನಿಲಯಕ್ಕೆ ಮೀಸಲಿಡುವಂತೆ ಕಾರ್ಯಕಾರಿ ಸಮಿತಿಯಲ್ಲಿ ಪ್ರಸ್ತಾಪಿಸುವವನಿದ್ದೇನೆ. ನಿಲಯಕ್ಕೆ ಮೇಲಧಿಕಾರಿಗಳ ಮಂಜೂರಾತಿ ಬೇಕಾಗುವುದರಿಂದ ಪತ್ರವು ಕನಿಷ್ಠ ಎರಡು ತಿಂಗಳು ಮೊದಲೇ ಹೋಗಬೇಕು. ಕಾರ್ಯಕ್ರಮದ ಅನಂತರದ ಒಂದು ತಿಂಗಳು, “ಎಲ್ಲಿ ಕೇಳಿದಿರಿ?” ಎಂದು ಗಿರಾಕಿಗಳನ್ನು ವಿಚಾರಿಸಿ ಸದಸ್ಯರು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಆ ಅಂಕಿಗಳನ್ನು ಒಟ್ಟುಗೂಡಿಸಿಕೊಡುವ ಕೆಲಸ ನನ್ನದು. ನಮ್ಮ ಉಪಕರಣ ವ್ಯಾಪಾರಿಗಳು ಅಂಥ ಪುಸ್ತಕವನ್ನು ಈಗಾಗಲೇ ಇಟ್ಟಿದ್ದಾರೆ.