ಮುಳುಗಡೆಯವರ ಸುದ್ದಿ

ಮಳೆಗಾಲ ಬಂದರೆ ಗೊರೂರಿನ ಹೇಮಾವತಿ ಜಲಾಶಯದ ಮಟ್ಟ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುತ್ತದೆ: ಗರಿಷ್ಠ 2922 ಅಡಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಡ್ಯಾಂ ತುಂಬಿದರೆ ಬಾಗಿನದ ಫೋಟೊ, ಪಕ್ಕದಲ್ಲಿ ಶೆಟ್ಟಿಹಳ್ಳಿಯ ಅರ್ಧ ಮುಳುಗಿದ ಚರ್ಚು. ಆ ಚರ್ಚಿನ ಸುತ್ತ ಮನೆ, ಗದ್ದೆ, ಕಣಗಳಿದ್ದವು, ಜನ ಎಲ್ಲ ಬಿಟ್ಟು ಎದ್ದು ಹೋದರು ಎಂಬ ಒಂದು ಸಾಲೂ ಫೋಟೊದಡಿ ಕಾಣುವುದು ಅಪರೂಪ. ಅಣೆಕಟ್ಟೆ 1979ರಲ್ಲೇ ಮುಗಿಯಿತು. ಬದಲಿ ಜಮೀನಿನ ಕಡತಗಳು ಮಾತ್ರ ಇನ್ನೂ ಮುಗಿದಿಲ್ಲ. ಸಂತ್ರಸ್ತರ ಹೆಸರಿನಲ್ಲಿ ನಕಲಿ ಮಂಜೂರಾತಿ ನಡೆದ ಆರೋಪ ಎದ್ದಾಗ ರಾಜಕಾರಣಿಗಳ ಹೇಳಿಕೆ, ಪ್ರತಿಹೇಳಿಕೆಗಳಿಗೆ ಪುಟ ಸಿಕ್ಕಿತು. ನಿಜವಾದ ಸಂತ್ರಸ್ತನ ಜಮೀನಿಗೆ ಪೋಡಿ ಆಯಿತೇ, ಪಹಣಿಯಲ್ಲಿ ಯಾರ ಹೆಸರಿದೆ ಎಂದು ಹೋಗಿ ಕೇಳಿದವರು ಕಡಿಮೆ. ಇಂದಿನ ಒತ್ತುವರಿ ತೆರವಿನ ವರದಿಗಳಲ್ಲೂ ಇದೇ ಕೊರತೆ ನನ್ನನ್ನು ಕಾಡುತ್ತದೆ. ಜೆಸಿಬಿ ಚಿತ್ರವಿರುತ್ತದೆ, ಎಷ್ಟು ಎಕರೆ ಎಂಬ ಲೆಕ್ಕವಿರುತ್ತದೆ, ತಹಶೀಲ್ದಾರರ ಮಾತಿರುತ್ತದೆ; ಆ ಕುಟುಂಬ ಎಂದಿನಿಂದ ಉಳುತ್ತಿತ್ತು, ಸಾಗುವಳಿ ಸಕ್ರಮಕ್ಕೆಂದು ನಮೂನೆ 50, 53 ಅಥವಾ 57ರಲ್ಲಿ ಹಾಕಿದ ಅರ್ಜಿ ಬಾಕಿ ಇದೆಯೇ, ನೋಟಿಸು ಯಾವಾಗ ತಲುಪಿತು ಎಂಬುದಿರುವುದಿಲ್ಲ. ಯೋಜನೆಗೆ ಜಮೀನು ಹೋಗುವಾಗಲಾದರೂ ಸುಳಿವು ಮುಂಚೆಯೇ ಸಿಗುತ್ತದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪ್ರಾಥಮಿಕ ಅಧಿಸೂಚನೆ ಎರಡು ದಿನಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದಿರಬೇಕು. ಆಕ್ಷೇಪಣೆಗೆ 60 ದಿನ. ಹಾಗೆ ಸರ್ವೆ ನಂಬರು, ಎಕರೆ, ಗುಂಟೆಗಳು ಸಣ್ಣಕ್ಷರದ ಜಾಹೀರಾತಾಗಿ ನಮ್ಮ ಪತ್ರಿಕೆಗಳಿಗೇ ತಲುಪುತ್ತವೆ. ಅದೇ ಪತ್ರಿಕೆಯ ವರದಿಗಾರ ಆ ಪಟ್ಟಿ ಹಿಡಿದು ಆ ವಾರವೇ ಊರಿಗೆ ಹೋಗಬೇಕು, ಆಕ್ಷೇಪಣೆಯ ದಿನಗಳು ಇನ್ನೂ ಉಳಿದಿರುವಾಗಲೇ.