ದೆವ್ವದ ಆಸರೆಯಲ್ಲಿ ಇಬ್ಬರು ಹೆಂಗಸರು

ರೋಣ, ನರಗುಂದ, ಗಜೇಂದ್ರಗಡದ ಸಂಘಗಳ ಅಕ್ಕ-ತಂಗಿಯರೇ, ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ, ಸಾಲದ ಕಂತು ಮುಗಿದ ಮೇಲೆ ಅರ್ಧ ತಾಸು ಕುಳಿತು ಕೇಳಬೇಕಾದ ಕತೆಯೊಂದಿದೆ. ಅದರಲ್ಲಿ ದೆವ್ವವಿದೆ, ಪ್ರೀತಿಯಿದೆ, ವರದಕ್ಷಿಣೆಯ ದುರಾಸೆಯೂ ಇದೆ. ಪ್ರೀತಿ ಮಾತ್ರ ಗಂಡು-ಹೆಣ್ಣಿನದಲ್ಲ, ಇಬ್ಬರು ಹೆಂಗಸರದು.

ಬರೆದವರು ವಿಜಯದಾನ ದೇಥಾ (1926–2013). ರಾಜಸ್ಥಾನದ ಬೋರುಂದಾ ಎಂಬ ಹಳ್ಳಿಯಲ್ಲೇ ಇದ್ದು, ಜನರ ಬಾಯಲ್ಲಿದ್ದ ಕತೆಗಳನ್ನು ಕೂಡಿಸಿ ತಮ್ಮ ರೀತಿಯಲ್ಲಿ ಹೊಸದಾಗಿ ಕಟ್ಟಿದವರು. 1974ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕತೆಯ ಹೆಸರು ಹಿಂದಿಯಲ್ಲಿ 'ದೋಹರೀ ಜಿಂದಗಿ', ಅಂದರೆ ಇಬ್ಬಗೆಯ ಬದುಕು.

ಇಬ್ಬರು ಗೆಳೆಯರು ಮಕ್ಕಳು ಹುಟ್ಟುವ ಮೊದಲೇ ಬೀಗತನದ ಮಾತು ಕೊಟ್ಟುಕೊಳ್ಳುತ್ತಾರೆ. ಇಬ್ಬರಿಗೂ ಹೆಣ್ಣೇ ಹುಟ್ಟುತ್ತದೆ. ಒಬ್ಬಾತ ವರದಕ್ಷಿಣೆಯ ಆಸೆಗೆ ಮಗಳನ್ನು ಮಗನೆಂದು ಹೇಳಿ, ಗಂಡಿನಂತೆಯೇ ಬೆಳೆಸಿ ಮದುವೆ ಮಾಡುತ್ತಾನೆ. ಬೀಜಾ, ತೀಜಾ ಇಬ್ಬರಿಗೂ ಸತ್ಯ ತಿಳಿದಾಗ ಮದುವೆ ಮುಗಿದಿರುತ್ತದೆ. ಆದರೆ ಅವರು ಬಾವಿಗೆ ಬೀಳುವುದಿಲ್ಲ, ಒಬ್ಬರನ್ನೊಬ್ಬರು ಒಪ್ಪಿಕೊಳ್ಳುತ್ತಾರೆ. ಊರು ಸಿಡಿದೇಳುತ್ತದೆ. ಅಪ್ಪನ ಮೋಸವನ್ನು ನುಂಗಿಕೊಂಡ ಊರಿಗೆ ಮಕ್ಕಳ ಪ್ರೀತಿ ಮಾತ್ರ ನುಂಗಲಾರದ ತುತ್ತು! ಊರು ಬಿಟ್ಟ ಆ ಇಬ್ಬರಿಗೆ ಆಸರೆ ಕೊಡುವುದು ದೆವ್ವಗಳ ಒಡೆಯ. ಅರಮನೆಯನ್ನೇ ಕಟ್ಟಿಸಿ ಕೊಡುತ್ತಾನೆ.

ಪರದೇಶದಲ್ಲೂ ಇಂಥ ಕತೆಗಳಿವೆ. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲ್ಲಾ' 1872ರದು. 'ಡ್ರಾಕುಲಾ'ಕ್ಕಿಂತ 25 ವರ್ಷ ಹಳೆಯದು. ಅಲ್ಲಿ ಹೆಣ್ಣನ್ನು ಪ್ರೀತಿಸುವ ಹೆಣ್ಣೇ ರಕ್ತ ಹೀರುವ ಪಿಶಾಚಿ. ಕೊನೆಗೆ ಗಂಡಸರು ಸೇರಿ ಗೂಟ ಹೊಡೆದು ಅವಳ ತಲೆ ಕಡಿಯುತ್ತಾರೆ. ಓದಿಸಿಕೊಂಡು ಹೋಗುವ ಪುಸ್ತಕ, ನಿಜ. ಆದರೆ ನನ್ನ ಮನಸ್ಸು ದೇಥಾರ ಕಡೆಗೇ ವಾಲುತ್ತದೆ. ಇಲ್ಲಿ ರಕ್ತ ಹೀರುವವನು ದೆವ್ವವಲ್ಲ, ಹೆತ್ತಪ್ಪ.

ಕತೆಯ ತಿರುಳಿರುವುದು ಮುಂದೆ. ಬೀಜಾಳಿಗೆ ಗಂಡಾಗುವ ಆಸೆ ಹುಟ್ಟುತ್ತದೆ, ದೆವ್ವದ ವರದಿಂದ ಗಂಡಾಗಿಯೂ ಬಿಡುತ್ತಾಳೆ. ಆಗ ಏನಾಗುತ್ತದೆ? ನಿನ್ನೆಯವರೆಗೆ ಜೀವದ ಗೆಳತಿಯಾಗಿದ್ದವಳ ದನಿಯಲ್ಲಿ ದರ್ಪ ಬರುತ್ತದೆ, ಒಡೆತನ ಬರುತ್ತದೆ. ಹಾಸಿಗೆಯಲ್ಲಿ ತೀಜಾಳ ಮನಸ್ಸನ್ನು ಕೇಳುವವರಿಲ್ಲ. ಅದೇ ಜೀವ, ಅದೇ ಮನೆ. ಗಂಡನ ಪಟ್ಟ ಸಿಕ್ಕೊಡನೆ ಪ್ರೀತಿ ಹಿಂಸೆಯಾಯಿತು. ಹೊಡೆಯುವ ಗಂಡನನ್ನು 'ಸ್ವಭಾವವೇ ಹಾಗೆ' ಎಂದು ಸಮರ್ಥಿಸುವ ಅತ್ತೆಯಂದಿರಿಗೆ ಈ ಭಾಗವನ್ನು ಓದಿ ಹೇಳಬೇಕು. ಬೀಜಾ ತನ್ನ ತಪ್ಪು ಕಂಡುಕೊಂಡು, ತಿರುಗಿ ಹೆಣ್ಣಾಗಲು ಬಯಸುತ್ತಾಳೆ. ಗಾಯ ಮಾಯುವುದು ಅಲ್ಲಿಂದಲೇ. ತಪ್ಪು ಮಾಡಿದವರು ಅಧಿಕಾರ ಕೆಳಗಿಡದೆ ಬರಿ 'ಕ್ಷಮಿಸು' ಎಂದರೆ ಮಾಯದು ಎಂಬುದನ್ನು ನಮ್ಮ ರಾಜಿ ಪಂಚಾಯಿತಿಗಳು ಇನ್ನೂ ಕಲಿಯಬೇಕಾಗಿದೆ.

'ಇಂಥ ಹೊಲಸು ಕತೆ ನಮಗ್ಯಾಕವ್ವಾ?' ಎಂದು ಕೇಳುವವರಿದ್ದಾರೆ. ಗಿರೀಶ ಕಾರ್ನಾಡರ 'ನಾಗಮಂಡಲ' 1988ರದು. 1997ರಲ್ಲಿ ಸಿನಿಮಾ ಆಯಿತು. ಕೀಲಿ ಹಾಕಿ ಕೂಡುವ ಗಂಡ, ಅವನ ರೂಪದಲ್ಲಿ ರಾತ್ರಿ ಬರುವ ಹಾವು! ರಾಣಿಯ ದುಃಖಕ್ಕೆ ಕಣ್ಣೀರು ಹಾಕಿದವರು ಹಾವಿನ ಪ್ರೀತಿಯನ್ನು ಒಪ್ಪಿದೆವು. ಹೆಂಗಸಿನ ಪ್ರೀತಿಗೆ ಮಾತ್ರ ಯಾಕೆ ಮುಖ ಸಿಂಡರಿಸಬೇಕು?

ಕಾನೂನಿನ ಮಾತೂ ಗೊತ್ತಿರಲಿ. ವಯಸ್ಕರಿಬ್ಬರು ಮನಸಾರೆ ಕೂಡಿದರೆ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೊಡಲಿಲ್ಲ. ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು: 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಗಂಡನ ಮನೆಗಷ್ಟೇ ಅಲ್ಲ, ತವರಿಗೂ ಅನ್ವಯಿಸುತ್ತದೆ. ಒಲ್ಲದ ಮದುವೆಗೆ ಮಗಳನ್ನು ಬಡಿಯುವ ಅಪ್ಪ, ಅಣ್ಣನ ಮೇಲೂ ದೂರು ಕೊಡಬಹುದು.

ಕತೆಯ ಬಗ್ಗೆ ನನ್ನದೊಂದು ತಕರಾರಿದೆ. ಆಸರೆ ಕೊಡುವವನೂ ಒಬ್ಬ ಗಂಡು ದೆವ್ವವೇ ಆಗಬೇಕಿತ್ತೇ? ಊರಿನ ಹೆಂಗಸರೊಬ್ಬರಾದರೂ ಬಾಗಿಲು ತೆರೆಯಬಾರದಿತ್ತೇ? ಹಿಂದಿ ಬಲ್ಲವಳೊಬ್ಬಳು ಓದಿ ನಮ್ಮ ಮಾತಿನಲ್ಲಿ ಹೇಳಲಿ. ಊರು ಬಿಟ್ಟು ಹೊರಡುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಆ ಇಬ್ಬರು ಈ ರಾತ್ರಿ ನಿಮ್ಮ ಬಾಗಿಲು ಬಡಿದರೆ ಏನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿ.