ಕೆಳಗೆ ಅಂಗಡಿ, ಮೇಲೆ ಮನೆ

ಹಳೆಯ ಪೇಟೆಯ ಕಟ್ಟಡವೊಂದನ್ನು ಮುಗಿಸಲು ಬುಲ್ಡೋಜರ್ ಬೇಕಿಲ್ಲ. 'ಶಿಥಿಲ' ಎಂಬ ಮೂರಕ್ಷರ ಸಾಕು. ಕಾಗದದ ಮೇಲೆ ಈ ಪದ ಬಿದ್ದ ದಿನದಿಂದ ಮಾಲೀಕ ಸುಣ್ಣ ಬಳಿಸುವುದನ್ನು ನಿಲ್ಲಿಸುತ್ತಾನೆ, ಬಾಡಿಗೆದಾರ ಒಡೆದ ಹೆಂಚನ್ನು ಬದಲಿಸುವುದಿಲ್ಲ, ಕಟ್ಟಿಕೊಂಡ ಚರಂಡಿಯ ಕಡೆ ಯಾರೂ ತಲೆಹಾಕುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸುಳ್ಳು ನಿಜವಾಗಿರುತ್ತದೆ. ಆಮೇಲೆ ಬರುವುದು 'ಕಾಂಪ್ಲೆಕ್ಸ್'. ಕೆಳಗೆ ಷಟರ್ ಎಳೆದ ಮಳಿಗೆಗಳು, ಮೇಲೆ ಬಾಡಿಗೆಗೆ ಹೋಗದೆ ಖಾಲಿ ಬಿದ್ದ ಆಫೀಸು ಕೋಣೆಗಳು. ಅಲ್ಲಿದ್ದ ಸಂಸಾರಗಳು ಎಲ್ಲಿಗೆ ಹೋದವೆಂದು ಕೇಳುವವರಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಊರುಗಳ ಮುಂದೆ ಈಗ ಇದೇ ಪ್ರಶ್ನೆ ನಿಂತಿದೆ. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ರಾಮನಗರ ಜಿಲ್ಲೆ ಮಾಡಿದರು. 2025ರಲ್ಲಿ ರಾಜ್ಯ ಸರಕಾರ ಅದಕ್ಕೆ 'ಬೆಂಗಳೂರು ದಕ್ಷಿಣ' ಎಂಬ ಹೆಸರು ಕೊಡಲು ತೀರ್ಮಾನಿಸಿತು. ಹೆಸರಿನ ರಾಜಕೀಯವನ್ನು ಇಲ್ಲಿ ಕೆದಕುವುದಿಲ್ಲ. ಆದರೆ ಊರಿನ ಹೆಸರಿಗೆ ಬೆಂಗಳೂರು ಅಂಟಿಕೊಂಡರೆ ಮೊದಲು ಏರುವುದು ನೆಲದ ಬೆಲೆ ಎಂಬುದು ಎಲ್ಲರಿಗೂ ಗೊತ್ತು. ಬೆಲೆ ಏರಿದ ನೆಲದ ಮೇಲೆ ನಿಂತ ಹಳೆಯ ಮನೆ, ಮಾಲೀಕನ ಕಣ್ಣಿಗೂ ಮನೆಯಾಗಿ ಕಾಣುವುದಿಲ್ಲ, ನಿವೇಶನವಾಗಿ ಕಾಣುತ್ತದೆ.

ರಾಮನಗರದ ಚರಿತ್ರೆಯಲ್ಲೇ ಒಂದು ವ್ಯಂಗ್ಯವಿದೆ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎನಿಸಿಕೊಂಡಿದ್ದ ಈ ಸ್ಥಳದಲ್ಲಿ ದಿವಾನ್ ಪೂರ್ಣಯ್ಯ 1800ರಲ್ಲಿ ಪೇಟೆ ಕಟ್ಟಿಸಿ, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟರು. ಕಾಡು ದಾರಿಯಲ್ಲಿ ಹೋಗುವ ಹೆದ್ದಾರಿಗೆ ಭದ್ರತೆ ಇರಲಿ ಎಂಬುದು ಉದ್ದೇಶ. ಅಂದರೆ ಊರು ಹುಟ್ಟಿದ್ದೇ ರಸ್ತೆಗಾಗಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ದಾರಿ ಉದ್ಘಾಟನೆಯಾದಾಗ ಅದೇ ರಸ್ತೆ ಊರನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಹಳೆಯ ಹೆದ್ದಾರಿಯ ತಟ್ಟೆ ಇಡ್ಲಿಯವರು, ಚನ್ನಪಟ್ಟಣದ ಬೊಂಬೆ ಅಂಗಡಿಯವರು ಗಿರಾಕಿಗಳನ್ನು ಕಳೆದುಕೊಂಡರು. ದಾರಿಹೋಕರ ವ್ಯಾಪಾರ ಹೋದ ಮೇಲೆ ಪೇಟೆಗೆ ಉಳಿದಿರುವ ಬಂಡವಾಳ ಯಾವುದು? ಅಲ್ಲೇ ವಾಸಿಸುವ ಜನ. ಅವರನ್ನೂ ಹೊರಗೆ ಕಳಿಸಿ ಕಾಂಪ್ಲೆಕ್ಸ್ ಕಟ್ಟಿದರೆ ಕೊಳ್ಳುವವರು ಯಾರು? ಪೇಟೆಯ ಹಳೆಯ ಕಟ್ಟಡಗಳನ್ನು ಅಂಗಡಿ ಮತ್ತು ಮನೆಗಳಾಗಿಯೇ ದುರಸ್ತಿ ಮಾಡಬೇಕೆಂದು ನಾವು ಹೇಳುವುದು ಹಳತಿನ ಮೋಹದಿಂದಲ್ಲ. ಇದು ಹೊಟ್ಟೆಪಾಡಿನ ಲೆಕ್ಕ.

ಪರಂಪರೆ ಎಂದೊಡನೆ ನಮಗೆ ನೆನಪಾಗುವುದು ಕೋಟೆ, ಗುಡಿ, ಗೋರಿ. ಮಾಗಡಿಯೆಂದರೆ ಕೆಂಪೇಗೌಡರ ಕೋಟೆ ಮತ್ತು ರಂಗನಾಥಸ್ವಾಮಿ ದೇವಾಲಯ. ಚನ್ನಪಟ್ಟಣವೆಂದರೆ ಟಿಪ್ಪುವಿನ ಧರ್ಮಗುರು ಅಕಿಲ್ ಷಾ ಖಾದ್ರಿಯವರ ಗೋರಿ, ಬ್ರಿಟಿಷ್ ಕೈದಿಗಳನ್ನು ಮನುಷ್ಯರಂತೆ ನೋಡಿಕೊಂಡ ಸೈಯದ್ ಇಬ್ರಾಹಿಂ ಅವರ ಗೋರಿ. ಇವೆಲ್ಲ ಉಳಿಯಲೇಬೇಕು. ಆದರೆ ಇದೇ ಚನ್ನಪಟ್ಟಣದ ಶುಕ್ರವಾರಪೇಟೆಯಲ್ಲಿ ಅರಗಿನ ಬೊಂಬೆ, ಗಾಜಿನ ಬಳೆ, ವೀಣೆ ಮುಂತಾದ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದವು. ಹಳೆಯ ಗೆಜೆಟಿಯರ್ ಇದನ್ನು ದಾಖಲಿಸಿದೆ. ಯಾವ ಸಮುದಾಯದ ಕೈ ತಂತಿ ಎಳೆಯಿತು, ಯಾವ ಸಮುದಾಯದ ಕೈ ಅದನ್ನು ನುಡಿಸಿತು ಎಂದು ಯೋಚಿಸಿದರೆ, ನಮ್ಮ ಸಂಸ್ಕೃತಿಯ ಬಗ್ಗೆ ಭಾಷಣಗಳು ಹೇಳದ್ದನ್ನು ಆ ತಂತಿಯೇ ಹೇಳುತ್ತದೆ. ಆ ಕಸುಬುಗಳು ನಡೆದದ್ದು ಅರಮನೆಗಳಲ್ಲಲ್ಲ. ಮುಂದೆ ಅಂಗಡಿ, ಹಿಂದೆ ಅಥವಾ ಮೇಲೆ ಮನೆ ಇರುವ ಕಟ್ಟಡಗಳಲ್ಲಿ. ರಾಮನಗರದ ರೇಷ್ಮೆ ಬಿಚ್ಚಾಣಿಕೆಯೂ ಹಾಗೆಯೇ: ಗೂಡು ಬೇಯುವ ಒಲೆಗೂ ಅನ್ನ ಬೇಯುವ ಒಲೆಗೂ ನಡುವೆ ಒಂದು ಗೋಡೆ. ಸತ್ತವರ ಕಟ್ಟಡಕ್ಕೆ ಸಿಗುವ ಗೌರವ ಬದುಕಿರುವವರ ಕಟ್ಟಡಕ್ಕೆ ಏಕಿಲ್ಲ?

ಇದಕ್ಕೆ ಸಿದ್ಧ ಉತ್ತರವೊಂದಿದೆ: 'ಅದರಲ್ಲಿ ಹಳೆಯದು ಏನು ಉಳಿದಿದೆ ಸ್ವಾಮಿ? ಎಲ್ಲವನ್ನೂ ಬದಲಾಯಿಸಿದ್ದಾರೆ.' ಶುದ್ಧ ಪರಂಪರೆಯನ್ನು ಹುಡುಕುವ ಪಂಡಿತರೂ, ನೆಲ ಹುಡುಕುವ ಬಿಲ್ಡರುಗಳೂ ಈ ಒಂದು ವಾಕ್ಯದಲ್ಲಿ ಕೈಕುಲುಕುತ್ತಾರೆ. ಬದಲಾವಣೆ ಆಗಿರುವುದು ನಿಜ. ಜಗಲಿಯ ಕಮಾನುಗಳನ್ನು ಇಟ್ಟಿಗೆಯಿಂದ ಮುಚ್ಚಿ ಷಟರ್ ಇಳಿಸಿದ್ದಾರೆ. ಅಣ್ಣತಮ್ಮಂದಿರ ಪಾಲಿನಲ್ಲಿ ತೊಟ್ಟಿಯ ನಡುವೆ ಗೋಡೆ ಎದ್ದಿದೆ. ಮಂಗಳೂರು ಹೆಂಚು ತೆಗೆದು ತಗಡು ಹೊದಿಸಿದ್ದಾರೆ. ಗಾರೆಗೋಡೆಗೆ ಸಿಮೆಂಟು ಬಳಿದಿದ್ದಾರೆ. ಆದರೆ ಜನ ಬದುಕಿದ ಮನೆ ಬದಲಾಗದೆ ಇರುತ್ತದೆಯೇ? ಮಗಳ ಮದುವೆಗೆಂದು ತೆಗೆದ ಬಾಗಿಲು, ಹೊಸ ವ್ಯಾಪಾರಕ್ಕೆಂದು ಅಗಲಿಸಿದ ಕಿಟಕಿ ಕೂಡ ಚರಿತ್ರೆಯೇ.

ಕೇಳಬೇಕಾದ್ದು ಬದಲಾಗಿದೆಯೋ ಇಲ್ಲವೋ ಎಂದಲ್ಲ. ಯಾವ ಬದಲಾವಣೆ ಕಟ್ಟಡವನ್ನು ತಿನ್ನುತ್ತಿದೆ, ಯಾವುದು ಅದರ ಪಾಡಿಗೆ ಇದೆ ಎಂದು. ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ಉಪ್ಪು ಹೂವಾಗಿ ಏಳುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಮದ್ರಾಸ್ ತಾರಸಿಯ ಮೇಲೆ ಇನ್ನೊಂದು ಕಾಂಕ್ರೀಟು ಹಾಸು, ಅದರ ಮೇಲೊಂದು ನೀರಿನ ಟ್ಯಾಂಕು ಕೂರಿಸಿದರೆ ನೂರು ವರ್ಷದ ತೊಲೆ ಎಷ್ಟೆಂದು ತಡೆದೀತು? ಗೋಡೆಯ ಬಿರುಕಿನಲ್ಲಿ ಅರಳಿ ಬೇರುಬಿಟ್ಟರೆ ಮುಗಿಯಿತು. ಇವೆಲ್ಲ ಮುಪ್ಪಿನ ಲಕ್ಷಣಗಳಲ್ಲ, ತಪ್ಪು ಚಿಕಿತ್ಸೆಯ ಪರಿಣಾಮ. ಸರಿಯಾದ ದುರಸ್ತಿಗೂ ಕ್ರಮವಿದೆ. ಮೊದಲು ಊರೆಗೋಲು ಕೊಟ್ಟು ಮೇಲಿನ ಭಾರ ಇಳಿಸಬೇಕು. ನೀರು ಹೋಗುವ ದಾರಿ ಬಿಡಿಸಬೇಕು. ಸಿಮೆಂಟು ಕೆತ್ತಿ ತೆಗೆದು ಸುಣ್ಣದ ಗಾರೆಯನ್ನೇ ಹಾಕಬೇಕು. ಕೊಳೆತ ತೊಲೆಯನ್ನಷ್ಟೇ ಬದಲಿಸಬೇಕು. ಶೌಚಾಲಯ, ಅಡುಗೆಮನೆಯ ಕೊಳವೆಗಳನ್ನು ಹಳೆಯ ಗೋಡೆ ಕೊರೆಯದೆ ಹಿಂಬದಿಯಲ್ಲಿ ಪ್ರತ್ಯೇಕವಾಗಿ ಇಳಿಸಬೇಕು. ವಿದ್ಯುತ್ ತಂತಿಗಳನ್ನು ಹೊಸದಾಗಿ ಎಳೆದು, ಬೆಂಕಿ ಬಿದ್ದರೆ ಇಳಿಯಲು ಎರಡನೆಯ ಮೆಟ್ಟಿಲು ಕಟ್ಟಬೇಕು. ಇದು ಯಾವ ಮಹಾ ವಿದ್ಯೆಯೂ ಅಲ್ಲ.

ಅಪಾಯವನ್ನು ನಾವು ಮರೆಮಾಚುವುದಿಲ್ಲ. ಮೈಸೂರಿನಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಕೆಳಗೆ ಅಂಗಡಿಗಳಿದ್ದ, ಹಳೆಯ ಪುಸ್ತಕಗಳಿಗೆ ಹೆಸರಾಗಿದ್ದ ಕಟ್ಟಡ ಅದು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗ. ಉಳಿಸಬಹುದೆಂದು ಪರಂಪರೆ ತಜ್ಞರು, ಕೆಡವಿ ಅದೇ ರೂಪದಲ್ಲಿ ಕಟ್ಟುವುದೆಂದು ಪಾಲಿಕೆ, ನಡುವೆ ನ್ಯಾಯಾಲಯ. ವರ್ಷಗಳು ಕಳೆದವು. ಲ್ಯಾನ್ಸ್‌ಡೌನ್ ಕಟ್ಟಡದಿಂದ ಹೊರಬಂದ ಅಂಗಡಿಯವರು ವಾದ ಮುಗಿಯುವವರೆಗೆ ಹೊಟ್ಟೆಯನ್ನು ಮಡಚಿಟ್ಟುಕೊಂಡು ಕೂರಲು ಸಾಧ್ಯವಿರಲಿಲ್ಲ. ನಾಲ್ವರ ಸಾವು 'ಕೆಡವಿ' ಎನ್ನುವವರ ವಾದಕ್ಕೆ ಬಳಕೆಯಾಯಿತು. ಆದರೆ ಆ ಸಾವು ಹೇಳುವುದು ಬೇರೆ: ಬಾಡಿಗೆ ಪಡೆಯುವವರು ವರ್ಷವರ್ಷ ಕಟ್ಟಡವನ್ನು ನೋಡಿಕೊಳ್ಳದಿದ್ದರೆ ಜನ ಸಾಯುತ್ತಾರೆ. ನಿರ್ವಹಣೆ ಇಲ್ಲದಿದ್ದರೆ ಹೊಸ ಕಾಂಕ್ರೀಟೂ ಬೀಳುತ್ತದೆ.

ಇನ್ನೊಂದು ಬಗೆಯ ಕೇಡು ಇದೆ, ಅದು ಪ್ರೀತಿಯ ವೇಷದಲ್ಲಿ ಬರುತ್ತದೆ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಕಲ್ಲು ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಪರಂಪರೆಯ ರಕ್ಷಣೆಯ ಹೆಸರಿನಲ್ಲಿ ಬುಲ್ಡೋಜರ್ ತಂದು ತೆರವು ಮಾಡಲಾಯಿತು. ಬಜಾರ್ ಎಂಬ ಹೆಸರು ಉಳಿಯಿತು, ಬಜಾರು ಹೋಯಿತು. ಮಲೇಷ್ಯಾದ ಜಾರ್ಜ್‌ಟೌನ್‌ನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಸಾವಿರಾರು ಹಳೆಯ ಕಟ್ಟಡಗಳಿವೆ. ಅಲ್ಲಿ ಬಾಡಿಗೆ ನಿಯಂತ್ರಣ 2000ದಲ್ಲಿ ಕೊನೆಗೊಂಡಾಗ ತಲೆಮಾರುಗಳಿಂದ ಇದ್ದವರು ಹೊರಬಿದ್ದರು. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೋಟೆಲು, ಕೆಫೆಗಳು ಒಳಬಂದವು. ಗೋಡೆಗಳು ಚೆಂದವಾದವು, ಅಡುಗೆಮನೆಗಳು ತಣ್ಣಗಾದವು. ಬೆಂಗಳೂರಿನ ವಾರಾಂತ್ಯದ ಗಿರಾಕಿಗಳಿಗೆಂದು ನಮ್ಮ ಪೇಟೆಗಳನ್ನೂ ಹೀಗೆ ಸಿಂಗರಿಸುವ ಯೋಜನೆ ಬಂದರೆ ಅದನ್ನೂ ಕಾಂಪ್ಲೆಕ್ಸಿನಷ್ಟೇ ಗಟ್ಟಿಯಾಗಿ ವಿರೋಧಿಸಬೇಕು.

ಬೇರೆ ದಾರಿಯೂ ಇದೆ. ಕೈರೋದ ಅಲ್-ದರ್ಬ್ ಅಲ್-ಅಹ್ಮರ್ ಎಂಬ ಬಡ ಕುಶಲಕರ್ಮಿಗಳ ಮೊಹಲ್ಲಾದಲ್ಲಿ ಆಗಾ ಖಾನ್ ಟ್ರಸ್ಟ್ ಹಳೆಯ ಕೋಟೆಗೋಡೆಯ ಜೊತೆಗೆ ಜನರ ಮನೆಗಳನ್ನೂ ದುರಸ್ತಿ ಮಾಡಿತು. ಜನರನ್ನು ಹೊರಗೆ ಹಾಕಲಿಲ್ಲ, ಸಾಲ ಕೊಟ್ಟಿತು, ಅಲ್ಲಿಯ ಹುಡುಗರಿಗೇ ಮರಗೆಲಸ, ಕಲ್ಲುಗೆಲಸ ಕಲಿಸಿತು. ದೆಹಲಿಯ ನಿಜಾಮುದ್ದೀನ್ ಬಸ್ತಿಯಲ್ಲಿ 2007ರಿಂದ ನಡೆದ ಕೆಲಸದಲ್ಲೂ ಸ್ಮಾರಕದ ಜೊತೆಗೆ ಶಾಲೆ, ಆರೋಗ್ಯ ಕೇಂದ್ರಗಳ ಸುಧಾರಣೆ ಸೇರಿತ್ತು. ಬೊಂಬೆ ಕಡೆಯುವ ಚನ್ನಪಟ್ಟಣದಲ್ಲಿ ಮರದ ಮನಸ್ಸು ತಿಳಿದ ಕೈಗಳಿಗೆ ಬರವಿಲ್ಲ. ಕಲ್ಲುಗಣಿಗಳ ಕನಕಪುರದಲ್ಲಿ ಕಲ್ಲು ಬಲ್ಲವರಿಗೆ ಬರವಿಲ್ಲ. ಅವರಿಗೆ ಗಾರೆಯ ಕೆಲಸ ಕಲಿಸಿ ಕೂಲಿ ಕೊಡಲು ಬೇಕಾದ ಇಚ್ಛೆಗಷ್ಟೇ ಬರ.

ಇನ್ನು ನಮ್ಮ ಸಮುದಾಯದೊಳಗಿನ ಮಾತು. ಸರಕಾರವನ್ನು ಬೈಯುವುದು ಸುಲಭ. ಆದರೆ ಹಳೆಯ ಗಾರೆಯ ಮಸೀದಿಯನ್ನು, ಅದರ ಆಸುಪಾಸಿನ ವಕ್ಫ್ ಅಂಗಡಿ-ಮನೆಗಳನ್ನು ಕೆಡವಿ ಟೈಲ್ಸು, ಗಾಜು ಅಂಟಿಸುವ ಉತ್ಸಾಹದಲ್ಲಿ ಅನೇಕ ಆಡಳಿತ ಸಮಿತಿಗಳು ಯಾವ ಬಿಲ್ಡರಿಗೂ ಕಡಿಮೆಯಿಲ್ಲ. 'ಆದಾಯ ಹೆಚ್ಚುತ್ತದೆ' ಎಂಬುದು ಅವರ ಸಮರ್ಥನೆ. ಹನಫಿ ಫಿಕ್ಹ್‌ನ ನಿಲುವೇನು? ವಕ್ಫ್‌ನ ಆದಾಯದ ಮೇಲೆ ಮೊದಲ ಹಕ್ಕು ಆ ಆಸ್ತಿಯ ದುರಸ್ತಿಯದ್ದು, ವಾಕಿಫ್ ಹಾಗೆಂದು ಬರೆದಿರಲಿ, ಬಿಡಲಿ. ಆಸ್ತಿ ಉಳಿದರೆ ತಾನೆ ದಾನ ಉಳಿಯುವುದು? ಬಾಡಿಗೆಯನ್ನೆಲ್ಲ ಜಲಸಾಗಳ ಶಾಮಿಯಾನಕ್ಕೆ ಖರ್ಚು ಮಾಡಿ, ಸೋರುವ ಸೂರನ್ನು ತೋರಿಸಿ 'ಶಿಥಿಲ' ಎನ್ನುವ ಮುತವಲ್ಲಿ ಫಿಕ್ಹ್‌ನ ಎದುರು ಏನು ಉತ್ತರ ಕೊಡುತ್ತಾನೆ? 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಮೇಲೆ ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ಹೊರಗಿನವರಿಂದ ವಕ್ಫ್ ಆಸ್ತಿ ಕಾಪಾಡಬೇಕೆಂದು ಬೀದಿಗಿಳಿಯುವುದು ನ್ಯಾಯವೇ. ಅದರ ಗೋಡೆಗೆ ಸುಣ್ಣ ಬಳಿಯುವುದೂ ಕಾಪಾಡುವುದೇ. ಆ ಅಂಗಡಿಗಳಲ್ಲಿ ಕುಳಿತ ದರ್ಜಿ, ಬಳೆಗಾರ, ಸೈಕಲ್ ಶಾಪಿನವ, ಹೂವಿನವಳು ಯಾವ ಧರ್ಮದವರೇ ಆಗಲಿ, ಅವರು ವಕ್ಫ್‌ನ ಬಾಡಿಗೆದಾರರು. ಅವರನ್ನು ಬೀದಿಗೆ ತಳ್ಳಿ ಪುಣ್ಯ ಗಳಿಸಲಾಗದು.

ಖರ್ಚಿನ ಮಾತನ್ನು ನಾವು ಹಗುರವಾಗಿ ನೋಡುವುದಿಲ್ಲ. ಆರು ಮಂದಿ ವಾರಸುದಾರರ, ಚಿಲ್ಲರೆ ಬಾಡಿಗೆ ಬರುವ ಮನೆಗೆ ಯಾವ ಅಣ್ಣ ಹಣ ಹಾಕುತ್ತಾನೆ? ಉಳಿಸಿ ಎಂದು ಉಪದೇಶ ಮಾಡಿ ಹೊರೆಯನ್ನೆಲ್ಲ ಮಾಲೀಕನ ತಲೆಗೆ ಕಟ್ಟುವುದು ಅನ್ಯಾಯ. ಅದಕ್ಕೇ ನಮ್ಮ ಒತ್ತಾಯಗಳು ಎಲ್ಲರಿಗೂ ಸಂಬಂಧಿಸಿವೆ. ಒಂದು, ನಾಲ್ಕೂ ಊರುಗಳ ಪೇಟೆ ಕಟ್ಟಡಗಳ ಪಟ್ಟಿಯಾಗಲಿ. ಅದರಲ್ಲಿ ಗೋಡೆಗಳಷ್ಟೇ ಅಲ್ಲ, ಅಲ್ಲಿರುವ ಸಂಸಾರಗಳು, ಕಸುಬುಗಳು ದಾಖಲಾಗಲಿ. ಎರಡು, ಕೆಡವುವ ಗುತ್ತಿಗೆಯಲ್ಲಿ ಆಸಕ್ತಿಯಿಲ್ಲದ, ಸುಣ್ಣದ ಕಟ್ಟಡ ಬಲ್ಲ ಇಂಜಿನಿಯರ್ ನೋಡಿ ಕಾರಣ ಬರೆಯದೆ ಯಾರೂ 'ಶಿಥಿಲ' ಎಂದು ಘೋಷಿಸದಿರಲಿ. ನಿಜವಾಗಿ ಅಪಾಯವಿದ್ದರೆ ಅಂದೇ ಜನರನ್ನು ಇಳಿಸಲಿ, ಬದಲಿ ಜಾಗ ಕೊಡಲಿ. ಮೂರು, ಕೆಲಸ ಶುರುವಾಗುವ ಮೊದಲೇ ಬಾಡಿಗೆದಾರರಿಗೆ ಮರಳಿ ಬರುವ ಹಕ್ಕು, ಆಗಿನ ಬಾಡಿಗೆ, ಅಳತೆ ಎಲ್ಲವೂ ಬರಹದಲ್ಲಿ ಸಿಗಲಿ. ಬಾಯಿಮಾತಿನ ಭರವಸೆಯನ್ನು ಹಳೆಯ ಗೋಡೆಗಿಂತ ಮೊದಲು ಕೆಡವುತ್ತಾರೆ. ನಾಲ್ಕು, ಮಹಡಿಯನ್ನು ಮನೆಯಾಗಿ ಉಳಿಸುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಕಡಿಮೆ ಬಡ್ಡಿಯ ಸಾಲ ದೊರೆಯಲಿ. ಐದು, ಸರಕಾರ ಮತ್ತು ವಕ್ಫ್ ಸಂಸ್ಥೆಗಳು ತಮ್ಮ ಒಂದೊಂದು ಕಟ್ಟಡವನ್ನಾದರೂ ಹೀಗೆ ದುರಸ್ತಿ ಮಾಡಿ ತೋರಿಸಲಿ. ಜನ ಭಾಷಣ ನಂಬುವುದಿಲ್ಲ, ಕಣ್ಣಾರೆ ಕಂಡದ್ದನ್ನು ನಂಬುತ್ತಾರೆ.

ರಾತ್ರಿ ಒಂಬತ್ತಕ್ಕೆ ಷಟರ್ ಎಳೆದ ಮೇಲೆ ಕಾಂಪ್ಲೆಕ್ಸಿನ ಬೀದಿ ಸ್ಮಶಾನ. ಮೇಲೆ ಮನೆಯಿರುವ ಬೀದಿಯಲ್ಲಿ ದೀಪ ಉರಿಯುತ್ತಿರುತ್ತದೆ, ಮಕ್ಕಳು ಓದುತ್ತಿರುತ್ತಾರೆ, ಕೆಳಗೆ ಗಲಾಟೆಯಾದರೆ ಕಿಟಕಿ ತೆರೆದು 'ಯಾರದು?' ಎಂದು ಕೇಳುವವರಿರುತ್ತಾರೆ. ಗಲಭೆಯ ದಿನಗಳನ್ನು ಕಂಡ ಈ ನಾಡಿನಲ್ಲಿ ಆ ಪ್ರಶ್ನೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಿಂದೂ ಮಾಲೀಕನ ಮಳಿಗೆಯಲ್ಲಿ ಮುಸ್ಲಿಮ್ ವ್ಯಾಪಾರಿ, ವಕ್ಫ್ ಮಳಿಗೆಯಲ್ಲಿ ಹಿಂದೂ ವ್ಯಾಪಾರಿ ಇದ್ದು, ಒಂದೇ ಮೆಟ್ಟಿಲಿನಲ್ಲಿ ಇಬ್ಬರ ಮಕ್ಕಳೂ ಇಳಿಯುವ ಕಟ್ಟಡ ಸೌಹಾರ್ದ ಸಮಾವೇಶಗಳಿಗಿಂತ ಹೆಚ್ಚಿನದನ್ನು ಸದ್ದಿಲ್ಲದೆ ಮಾಡುತ್ತದೆ. ಅದನ್ನು ಕೆಡವಿ, ಧರ್ಮಕ್ಕೊಂದು ಬಡಾವಣೆ ಮಾಡಿಕೊಂಡು, ಆಮೇಲೆ ಸಹಬಾಳ್ವೆ ಎಲ್ಲಿ ಹೋಯಿತೆಂದು ವಿಚಾರಸಂಕಿರಣ ನಡೆಸುವುದಕ್ಕಿಂತ, ಈಗಲೇ ಒಂದು ಗಾರೆ ಕರಣೆ ಕೈಗೆತ್ತಿಕೊಳ್ಳುವುದು ಮೇಲು.